ಕುದುರೆ ಬೇಡ, ಫೋಟೋ ಸಾಕು

ಚನ್ನಪಟ್ಟಣದ ಬೊಂಬೆ ಅಂಗಡಿಯವರಿಗೆ ಒಂದು ಹಳೇ ಚಾಳಿ ಇನ್ನೂ ಬಿಟ್ಟಿಲ್ಲ. ಅಂಗಡಿಗೆ ಬಂದವರು ಏನಾದರೂ ಕೊಳ್ಳುತ್ತಾರೆ ಅಂತ ನಂಬಿ ಕೂತಿರುತ್ತಾರೆ. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಊರಿನ ಹೊರಗಿಂದ ಹೋದ ಮೇಲೆ ಇತ್ತ ತಿರುಗುವವರೇ ಕಮ್ಮಿ. ತಿರುಗಿದವರ ಮುಖವನ್ನೂ ಹೀಗೆ ಆಸೆಯಿಂದ ನೋಡಿ ಮುಜುಗರ ಮಾಡಬಾರದು, ಅಲ್ವಾ?

ಕಾರು ನಿಲ್ಲುತ್ತದೆ. ಅಪ್ಪ ಮಗುವನ್ನು ಮರದ ಕುದುರೆ ಮೇಲೆ ಕೂರಿಸುತ್ತಾನೆ. ಅಮ್ಮ ಫೋನ್ ಹಿಡಿಯುತ್ತಾಳೆ. "ಅಣ್ಣಾ, ನೀವು ಸ್ವಲ್ಪ ಆ ಕಡೆ ಹೋಗಿ, ಅಡ್ಡ ಬರ್ತಿದೀರ." ಅಂಗಡಿಯ ಯಜಮಾನ ತನ್ನದೇ ಅಂಗಡಿಯ ಮೂಲೆ ಸೇರುತ್ತಾನೆ. ಆಮೇಲೆ ಶಾಸ್ತ್ರಕ್ಕೊಂದು ರೇಟು ಕೇಳುವುದುಂಟು. "ಅಯ್ಯೋ, ಆನ್‌ಲೈನ್‌ನಲ್ಲಿ ಇದಕ್ಕಿಂತ ಕಮ್ಮಿ!" ಆನ್‌ಲೈನ್‌ನಲ್ಲೂ ಕೊಳ್ಳುವುದಿಲ್ಲ, ಆ ಮಾತು ಬೇರೆ.

ಕುದುರೆಯಿಂದ ಇಳಿಸಿದ ಮಗು ಊರು ಕೇಳುವ ಹಾಗೆ ಅಳುತ್ತದೆ. ಸುಮ್ಮನಿರಿಸಲು ಫೋನ್ ಕೊಡುತ್ತಾರೆ. ಅದರಲ್ಲಿ ಅದೇ ಮಗು ಅದೇ ಕುದುರೆ ಮೇಲೆ ಕೂತು ನಗುತ್ತಿರುತ್ತದೆ. ಮದ್ದೂರು ಬರುವುದರೊಳಗೆ ಸ್ಟೇಟಸ್ ಸಿದ್ಧ: 'ನಮ್ಮ ನಾಡಿನ ಕಲೆ, ನಾವೇ ಉಳಿಸೋಣ.' ಮದ್ದೂರಲ್ಲಿ ವಡೆ ಮಾತ್ರ ದುಡ್ಡು ಕೊಟ್ಟೇ ತಿನ್ನುತ್ತಾರೆ. ಅದರ ಫೋಟೋದಿಂದ ಹೊಟ್ಟೆ ತುಂಬುವ ವ್ಯವಸ್ಥೆ ಇನ್ನೂ ಬಂದಿಲ್ಲ.

ಕೆಲಸಗಾರರ ಪಾಡು ಇನ್ನೂ ಮಜಾ. ಆಲೆಮರವನ್ನು ಚೆನ್ನಾಗಿ ಒಣಗಿಸಬೇಕು. ಗಿರಗಿರ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಮೇಲೆ ಕೇದಗೆ ಗರಿ ಉಜ್ಜಿದರೆ ಹೊಳಪು. ಇಷ್ಟೆಲ್ಲ ಮಾಡಿ ತೋರಿಸಿದವರಿಗೆ ಸಿಗುವ ಆರ್ಡರ್ ಒಂದೇ: "ಇನ್ನೊಂದ್ಸಲ ಮಾಡಿ ಅಣ್ಣಾ, ರೀಲ್ಸ್‌ಗೆ ಲೈಟಿಂಗ್ ಸರಿ ಬರ್ಲಿಲ್ಲ."

ಹಿಂದೆ ಕ್ಯಾಮೆರಾ ರೀಲು ಅಂದರೆ 36 ಫೋಟೋ, ಅಷ್ಟೇ. ಮೈಸೂರು ಅರಮನೆಯ ದೀಪ ತೆಗೆದು ತೊಳೆಸಿದರೆ ಕಪ್ಪು ಹಾಳೆಯ ಮೇಲೆ ನಾಲ್ಕು ಚುಕ್ಕೆ ಬರುತ್ತಿತ್ತು. ಅದಕ್ಕೇ ಜನ ಗೇಟಿನ ಹೊರಗೆ ಪಿಕ್ಚರ್ ಕಾರ್ಡ್ ಕೊಳ್ಳುತ್ತಿದ್ದರು. ಹೋಗಿಬಂದದ್ದಕ್ಕೆ ಪಕ್ಕದ ಮನೆಯವರಿಗೆ ಸಾಕ್ಷಿ ಬೇಕಲ್ಲ, ಶೋಕೇಸಿಗೊಂದು ಬೊಂಬೆಯೂ ಬರುತ್ತಿತ್ತು. (ಆ ಶೋಕೇಸಿನ ಅರ್ಧ ಸಾಮಾನು ಬರೀ ಧೂಳು ಒರೆಸಲಿಕ್ಕೇ ಇತ್ತು ಅನ್ನುವುದೂ ನಿಜ.) ಈಗ ಭಾನುವಾರ ಸಂಜೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದರೆ ಸಾಕು, ಅಂಗಳದ ತುಂಬ ಫೋನು ಮೇಲೇಳುತ್ತವೆ. ಎಲ್ಲರ ಫೋಟೋದಲ್ಲೂ ಮುಂದಿನವರ ಫೋನು, ಆ ಫೋನಿನೊಳಗೆ ಅರಮನೆ. 'ಸ್ಟೋರೇಜ್ ಫುಲ್' ಅಂತ ಬಂದ ದಿನ ಅರಮನೆ, ಕುದುರೆ ಎರಡೂ ಡಿಲೀಟ್.

ಬೊಂಬೆ ಅಂಗಡಿಯವರಿಗೆ ನನ್ನದೊಂದು ಸಲಹೆ. ಸುಮ್ನೆ ಮೂಲೆಯಲ್ಲಿ ನಿಲ್ಲಬೇಡಿ, ಬೋರ್ಡ್ ಹಾಕಿ: 'ಬರೀ ಫೋಟೋಗೆ 20 ರೂಪಾಯಿ. ಮಗು ಅತ್ತರೆ 10 ಜಾಸ್ತಿ. ಕುದುರೆ ಕೊಂಡರೆ ಫೋಟೋ ಫ್ರೀ.' ಗಿರಾಕಿಗಳು ಆ ಬೋರ್ಡಿನ ಫೋಟೋ ತೆಗೆದುಕೊಳ್ಳುತ್ತಾರೆ. ರಾತ್ರಿ ಗೂಗಲ್‌ನಲ್ಲಿ ರಿವ್ಯೂ ಬರುತ್ತದೆ: 'ಒಂದು ಸ್ಟಾರ್. ಕಲೆಯ ಮೇಲೆ ಪ್ರೀತಿಯೇ ಇಲ್ಲ, ಬರೀ ವ್ಯಾಪಾರ.'