ಎರಡು ರಾತ್ರಿಯ ಮಟ್ಟಿಗೆ ಒಂದು ಕೋಣೆ

ಉಡುಪಿಯಲ್ಲಿ ಹುಟ್ಟಿ ಬೆಳೆದವನಿಗೆ ಪ್ರವಾಸವೆಂದರೆ ಬೇರೆ ಊರಿನವರು ಮಾಡುವ ಕೆಲಸ ಎಂಬ ಭಾವನೆ ಚಿಕ್ಕಂದಿನಿಂದಲೇ ಬೇರೂರಿಬಿಡುತ್ತದೆ. ನಮ್ಮ ಮನೆ ರಥಬೀದಿಯಿಂದ ಹತ್ತು ನಿಮಿಷದ ನಡಿಗೆಯಷ್ಟು ದೂರದಲ್ಲಿರುವುದರಿಂದ, ಕೃಷ್ಣನ ದರ್ಶನಕ್ಕೆ ಬಂದ ನೆಂಟರು, ಆ ನೆಂಟರ ನೆಂಟರು, ಮಗನನ್ನು ಮಣಿಪಾಲದ ಕಾಲೇಜಿಗೆ ಸೇರಿಸಲು ಬಂದವರು, ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ತಂಗುವವರು, ಹೀಗೆ ಎಷ್ಟೋ ಜನರ ರಜೆಗಳು ನಮ್ಮ ಜಗಲಿಯಲ್ಲಿಯೇ ಕಳೆದುಹೋಗಿವೆ. ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬಂದಾಗಲಂತೂ ಹಾಸಿದ ಚಾಪೆಗಳ ನಡುವೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆಯನ್ನು ನೋಡಲೆಂದು ನಡುರಾತ್ರಿ ಕಳೆದೊಡನೆ ಎಲ್ಲರೂ ಒಟ್ಟಿಗೇ ಎದ್ದು, ಇದ್ದ ಒಂದೇ ಬಚ್ಚಲಿನ ಮುಂದೆ ಟವೆಲು ಹೊದ್ದು ಸಾಲುಗಟ್ಟುತ್ತಿದ್ದರು. ಮನೆಯವರಾದ ನಮ್ಮ ಸರದಿ ಬರುವಷ್ಟರಲ್ಲಿ ಹಂಡೆಯ ನೀರು ತಣ್ಣಗಾಗಿರುತ್ತಿತ್ತು, ಅಥವಾ ಮುಗಿದೇ ಹೋಗಿರುತ್ತಿತ್ತು.

ಈ ಅನುಭವದ ಫಲವಾಗಿ, ಉಡುಪಿಗೆ ಬರುವವರು ಎಲ್ಲಿ ಉಳಿದುಕೊಳ್ಳಬೇಕೆಂದು ಯಾರಾದರೂ ಫೋನಿನಲ್ಲಿ ಕೇಳಿದರೆ ನಾನು ತಡವರಿಸುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಮಠದ ಆಸುಪಾಸಿನ ಲಾಡ್ಜು, ಸಂಜೆಯ ಕಡಲು ಬೇಕೆನ್ನುವವರಿಗೆ ಮಲ್ಪೆ ಅಥವಾ ಕಾಪು ಎಂದು ಹಂಚಿಬಿಡುತ್ತೇನೆ. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನೋಡುವ ಆಸೆಯಿಂದ ಜುಲೈ ತಿಂಗಳಲ್ಲಿ ಮಲ್ಪೆಯಲ್ಲಿ ಕೋಣೆ ಹಿಡಿಯಬೇಡಿ, ಮಳೆಗಾಲದಲ್ಲಿ ಅಲ್ಲಿಗೆ ಬೋಟು ಹೋಗುವುದಿಲ್ಲ ಎಂದು ಎಚ್ಚರಿಸುತ್ತೇನೆ. ನಸುಕಿನ ರೈಲಿನಲ್ಲಿ ಬರುವವರಿಗೆ, ನಿಲ್ದಾಣ ಇರುವುದು ಪೇಟೆಯಲ್ಲಲ್ಲ, ಇಂದ್ರಾಳಿಯಲ್ಲಿ, ಆ ಹೊತ್ತಿಗೆ ಲಾಡ್ಜಿನ ಬಾಗಿಲು ತೆರೆಯುವವರು ಇರುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ ಎನ್ನುತ್ತೇನೆ. ಇಷ್ಟೆಲ್ಲ ಹೇಳಿದ ಮೇಲೆ ಅಮ್ಮ ಒಳಗಿನಿಂದ, "ಲಾಡ್ಜು ಯಾಕೆ, ಮನೆ ಇಲ್ವಾ?" ಎಂದು ಕೂಗಿ ನನ್ನ ಸಲಹೆಯನ್ನೆಲ್ಲ ನೀರುಪಾಲು ಮಾಡುವುದು ವಾಡಿಕೆ.

ಇಂಥ ನಾನು, ಈ ಬಾರಿಯ ದಸರಾ ರಜೆಯಲ್ಲಿ ಎರಡು ರಾತ್ರಿಯ ಮಟ್ಟಿಗೆ ಹೆಂಡತಿ, ಮಗಳು ಮತ್ತು ಅಮ್ಮನನ್ನು ಕರೆದುಕೊಂಡು ಮಡಿಕೇರಿಗೆ ಹೋಗುವುದೆಂದು ನಿಶ್ಚಯವಾದಾಗ, ಉಳಿಯುವುದಕ್ಕೆ ಒಂದು ಕೋಣೆಯನ್ನು ಆರಿಸಲಾರದೆ ಹದಿನೈದು ದಿನ ಒದ್ದಾಡಿದೆ.

ಅಪ್ಪನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಊರನ್ನು ಆರಿಸುವ ಮೊದಲೇ ಉಳಿಯುವ ಮನೆ ಗೊತ್ತಾಗಿರುತ್ತಿತ್ತು. ನಿಜ ಹೇಳಬೇಕೆಂದರೆ, ಮನೆ ಇದ್ದ ಊರಿಗೆ ಮಾತ್ರ ನಾವು ಹೋಗುತ್ತಿದ್ದೆವು. "ಇಂಥ ದಿನ ಬರುತ್ತಿದ್ದೇವೆ" ಎಂದು ಒಂದು ಅಂಚೆ ಕಾರ್ಡು ಹಾಕಿದರೆ ಮುಗಿಯಿತು, ಉತ್ತರಕ್ಕಾಗಿ ಕಾಯುವ ಪದ್ಧತಿಯಿರಲಿಲ್ಲ. ಇದಕ್ಕೆಂದೇ ಅಪ್ಪ ಕೆಂಪು ರಟ್ಟಿನ ಒಂದು ಡೈರಿಯಲ್ಲಿ ಅಕಾರಾದಿಯಾಗಿ ಊರುಗಳನ್ನೂ, ಊರಿನ ಕೆಳಗೆ ವಿಳಾಸಗಳನ್ನೂ ಬರೆದಿಟ್ಟಿದ್ದರು. ಪ್ರತಿ ವಿಳಾಸದ ಪಕ್ಕದಲ್ಲಿ, ಹೋಗಿ ಬಂದ ಮೇಲೆ, ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಸೇರುತ್ತಿತ್ತು. ಮೈಸೂರಿನ ದೊಡ್ಡಮ್ಮನ ಮನೆಯ ಎದುರು "ಬಿಸಿನೀರು ಧಾರಾಳ. ರಾತ್ರಿ ಊಟ ಹತ್ತಕ್ಕೆ" ಎಂದಿದೆ. ಶಿವಮೊಗ್ಗದ್ದೊಂದರ ಮುಂದೆ "ಸೊಳ್ಳೆ. ಪರದೆ ಕೇಳಿದರೆ ಕೊಡುತ್ತಾರೆ" ಎಂದಿದೆ. ಬೆಂಗಳೂರಿನ ಬಸವನಗುಡಿಯ ಒಂದು ವಿಳಾಸಕ್ಕೆ "ಮೂರನೆಯ ದಿನ ನಿಲ್ಲಬಾರದು" ಎಂದಷ್ಟೇ ಇದೆ. ಮೂರನೆಯ ದಿನ ಅಲ್ಲಿ ಏನಾಯಿತೆಂದು ಅಮ್ಮ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಆ ಡೈರಿಯ 'ಮ' ಪುಟದಲ್ಲಿ ಮಂಗಳೂರು, ಮಂಡ್ಯ, ಮೈಸೂರುಗಳಿವೆ. ಮಡಿಕೇರಿ ಇಲ್ಲ. ಬಹುಶಃ ಆ ಕಾರಣದಿಂದಲೇ ಉಡುಪಿಯಿಂದ ಸುಮಾರು 200 ಕಿಲೋಮೀಟರ್ ದೂರದ, ಸಂಪಾಜೆ ಘಾಟಿ ಹತ್ತಿದರೆ ಸಿಕ್ಕುವ ಆ ಊರನ್ನು ನಾನು ಐವತ್ತು ವರ್ಷದವರೆಗೂ ನೋಡಿರಲಿಲ್ಲ.

ಡೈರಿಯ ಜಾಗದಲ್ಲಿ ಈಗ ಮೊಬೈಲು ಬಂದಿದೆ. ಮಡಿಕೇರಿ ಎಂದು ಬರೆದರೆ ಸಾಕು, ನೂರಾರು ಕೋಣೆಗಳು ಮಂಚ ಹಾಸಿಕೊಂಡು ಎದುರಿಗೆ ನಿಲ್ಲುತ್ತವೆ. ಆ ಚಿತ್ರಗಳನ್ನು ಯಾವ ಮಾಯದ ಕ್ಯಾಮೆರಾದಲ್ಲಿ ತೆಗೆಯುತ್ತಾರೋ, ಮಂಚಕ್ಕೂ ಗೋಡೆಗೂ ನಡುವೆ ಯಕ್ಷಗಾನದ ಒಂದು ಮೇಳ ಕುಣಿಯುವಷ್ಟು ಜಾಗ ಕಾಣಿಸುತ್ತದೆ. ನನ್ನ ಭಾವ ಒಮ್ಮೆ ಇಂಥದೇ ಚಿತ್ರವನ್ನು ನಂಬಿ ಬೇರೊಂದು ಗಿರಿಧಾಮಕ್ಕೆ ಹೋಗಿದ್ದವರು, ಅಲ್ಲಿ ಸೂಟ್‌ಕೇಸನ್ನು ತೆರೆಯಬೇಕಾದರೆ ಒಬ್ಬರು ಮಂಚದ ಮೇಲೆ ಹತ್ತಿ ನಿಲ್ಲಬೇಕಾಗಿತ್ತು ಎಂದು ವಿವರಿಸಿದ್ದರು. ಚಿತ್ರದ ಕೆಳಗೆ ಉಳಿದು ಹೋದವರ ಅಭಿಪ್ರಾಯಗಳಿರುತ್ತವೆ, ಮತ್ತು ಅವನ್ನು ಓದುವುದು ಕೋಣೆ ಹುಡುಕುವುದಕ್ಕಿಂತ ಹೆಚ್ಚು ರುಚಿಯ ಕೆಲಸವಾಗಿಬಿಡುತ್ತದೆ. ಒಬ್ಬರು, ರಾತ್ರಿಯಿಡೀ ಕಪ್ಪೆಗಳು ವಟಗುಟ್ಟಿದ್ದರಿಂದ ನಿದ್ದೆ ಕೆಟ್ಟಿತೆಂದು ಒಂದೇ ಒಂದು ನಕ್ಷತ್ರವನ್ನು ಕೊಟ್ಟಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪ್ಪೆಗಳ ಸದ್ದಿನಲ್ಲಿಯೇ ಮಲಗಿ ಅಭ್ಯಾಸವಾದ ನಮಗೆ ಅದೊಂದು ಶಿಫಾರಸಿನಂತೆ ಕಂಡಿತು.

ಕೋಣೆಯನ್ನು ಆರಿಸುವಾಗ ಜಾಗದ ಲೆಕ್ಕ ಮೊದಲು ಎದುರಾಗುತ್ತದೆ. ಅಮ್ಮನಿಗೆ ತಲಕಾವೇರಿಗೆ ಹೋಗಬೇಕು. ಮಗಳಿಗೆ ದುಬಾರೆಯ ಆನೆಗಳು ಬೇಕು. ತಲಕಾವೇರಿಯು ಮಡಿಕೇರಿಯ ಪಶ್ಚಿಮಕ್ಕೆ, ಭಾಗಮಂಡಲವನ್ನು ದಾಟಿ ಬೆಟ್ಟದ ಮೇಲಿದೆ. ದುಬಾರೆಯು ಪೂರ್ವಕ್ಕೆ, ಕುಶಾಲನಗರದ ಕಡೆಗೆ ಕಾವೇರಿಯ ದಡದಲ್ಲಿದೆ. ಒಂದು ಕಡೆಗೆ ಹತ್ತಿರವಾದ ಕೋಣೆ ಇನ್ನೊಂದು ಕಡೆಗೆ ದೂರವಾಗುವುದರಿಂದ, ಅಜ್ಜಿ ಮೊಮ್ಮಗಳ ನಡುವಿನ ರಾಜಿಯಾಗಿ ಮಡಿಕೇರಿಯ ಸುತ್ತಮುತ್ತಲೇ ಉಳಿಯುವುದೆಂದು ತೀರ್ಮಾನವಾಯಿತು. ಆದರೆ ದಸರಾ ರಜೆಯಲ್ಲಿ ಮಡಿಕೇರಿಯಲ್ಲಿಯೂ ದಸರಾ ಇರುತ್ತದೆಂಬುದನ್ನು ನಾನು ಮರೆತಿದ್ದೆ. ವಿಜಯದಶಮಿಯ ರಾತ್ರಿ ಅಲ್ಲಿ ದಶಮಂಟಪಗಳ, ಅಂದರೆ ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳ, ಮೆರವಣಿಗೆ ಬೆಳಗಿನವರೆಗೂ ನಡೆಯುವುದರಿಂದ ಊರಿನ ಕೋಣೆಗಳೆಲ್ಲ ಭರ್ತಿಯಾಗಿರುತ್ತವೆ. ನಮ್ಮ ಪರ್ಯಾಯದ ರಾತ್ರಿಯ ಹಾಗೆಯೇ ಎಂದುಕೊಂಡೆ. ಅದರ ಆಸುಪಾಸಿನಲ್ಲಿಯೇ, ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ, ತಲಕಾವೇರಿಯಲ್ಲಿ ಕಾವೇರಿ ಉಕ್ಕಿಬರುವಳೆಂದು ನಂಬುವ ತೀರ್ಥೋದ್ಭವ ಇರುತ್ತದೆ. ಈ ಎರಡು ಜಾತ್ರೆಗಳ ನಡುವಿನ ಬಿಡುವಿನಲ್ಲಿ ನಾವು ನುಸುಳಬೇಕಾಗಿತ್ತು.

ಹೋಟೆಲೋ ಹೋಂಸ್ಟೇಯೋ ಎಂಬ ಪ್ರಶ್ನೆ ಇನ್ನೂ ಒಂದು ವಾರವನ್ನು ತಿಂದಿತು. ಹೋಟೆಲಿನ ಲೆಕ್ಕ ಕೋಣೆಗೆ, ಹೋಂಸ್ಟೇಯದು ಹೆಚ್ಚಾಗಿ ತಲೆಗೆ. ಊಟ, ತಿಂಡಿ ಸೇರಿಸಿ ತಲೆಗೆ ಇಷ್ಟು ಎಂದು ಹೇಳುವಾಗ ಹತ್ತು ವರ್ಷದ ಮಗಳನ್ನು ಅರ್ಧ ತಲೆಯೆಂದು ಹಿಡಿಯುತ್ತಾರೆಯೇ ಎಂಬುದನ್ನು ಕೇಳಿ ತಿಳಿಯಬೇಕು. ಬಾಡಿಗೆಯ ಮೇಲೆ ತೆರಿಗೆ ಬೇರೆ. ದಿನಕ್ಕೆ 7,500 ರೂಪಾಯಿಯನ್ನು ಮೀರದ ಕೋಣೆಗೆ ಶೇಕಡಾ 12ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿದೆಯೆಂದು ನಾನು ಮನೆಯಲ್ಲಿ ಹೆಮ್ಮೆಯಿಂದ ಸಾರಿದಾಗ, "ಹಾಗಾದರೆ ಉಳಿದ ದುಡ್ಡಿನಲ್ಲಿ ಇನ್ನೊಂದು ರಾತ್ರಿ ಇರಬಹುದಾ?" ಎಂದು ಹೆಂಡತಿ ಕೇಳಿದಳು. ಅವಳಿಗೆ ಮಧ್ಯಾಹ್ನ 12ಕ್ಕೆ ಒಳಗೆ, ಮರುದಿನ ಬೆಳಿಗ್ಗೆ 10ಕ್ಕೆ ಹೊರಗೆ ಎಂಬ ನಿಯಮದ ಮೇಲೆ ಮೊದಲಿನಿಂದಲೂ ಸಿಟ್ಟು. ದಿನವೊಂದಕ್ಕೆ ದುಡ್ಡು ತೆಗೆದುಕೊಂಡು 22 ಗಂಟೆಯನ್ನಷ್ಟೇ ಕೊಡುವುದು ಯಾವ ನ್ಯಾಯ, ಆ 2 ಗಂಟೆ ಯಾರ ಪಾಲಿಗೆ ಹೋಗುತ್ತದೆ ಎಂಬುದು ಅವಳ ವಾದ. ಹಾಸಿಗೆಯ ಬಟ್ಟೆ ಬದಲಿಸಲು ಸಮಯ ಬೇಡವೇ ಎಂದು ನಾನು ಲಾಡ್ಜಿನವರ ಪರವಾಗಿ ಮಾತಾಡಿ, ಆ ದಿನದ ಚಹಾವನ್ನು ನಾನೇ ಮಾಡಿಕೊಳ್ಳಬೇಕಾಯಿತು.

ಅಮ್ಮನ ಷರತ್ತುಗಳು ಕಡಿಮೆ, ಆದರೆ ಸಡಿಲವಾಗುವಂಥವಲ್ಲ. ಮಂಡಿನೋವಿನಿಂದಾಗಿ ಮೆಟ್ಟಿಲು ಹತ್ತುವುದು ಆಗದು, ಕಮೋಡ್ ಬೇಕು. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದ ಊರಿನಲ್ಲಿ ನಸುಕಿನಲ್ಲಿ ಸ್ನಾನ ಮಾಡುವವರಿಗೆ ಬಿಸಿನೀರು ಬೇಕು, ಅದೂ ಹೊತ್ತು ಗೊತ್ತಿಲ್ಲದೆ ಬರುವ ಬಿಸಿನೀರಲ್ಲ. ಅಡುಗೆ ಮಾಂಸದ್ದಾಗಬಾರದು. ಕಾಫಿ ತೋಟದ ನಡುವಿನ ಒಂದು ಹೋಂಸ್ಟೇಯವರು ಸಸ್ಯಾಹಾರಿಗಳಿಗೆ ಬೇರೆ ಪಾತ್ರೆಯಲ್ಲಿ ಕಡಂಬುಟ್ಟು, ನೂಪುಟ್ಟು ಮಾಡಿಕೊಡುತ್ತೇವೆ ಎಂದಿದ್ದನ್ನು ನಾನು ಓದಿ ಹೇಳಿದಾಗ, ಕಡಂಬುಟ್ಟು ಎಂದರೇನೆಂದು ಅಮ್ಮ ವಿಚಾರಿಸಿದರು. ಅಕ್ಕಿತರಿಯ ಉಂಡೆಯನ್ನು ಹಬೆಯಲ್ಲಿ ಬೇಯಿಸಿದ್ದು ಎಂದೆ. "ನಮ್ಮ ಪುಂಡಿಯೇ ಅಲ್ವಾ ಅದು? ಹಾಗಾದರೆ ಅಡ್ಡಿಯಿಲ್ಲ. ನೀರು ಬಿಸಿ ಉಂಟಾ ಕೇಳು" ಎಂದರು.

ಕೇಳುವುದಕ್ಕೆಂದು ಫೋನು ಮಾಡಿದೆ. ತೆಗೆದವರು ಮನೆಯ ಯಜಮಾನರೇ. ನೆಲಮಹಡಿಯಲ್ಲಿ ಎರಡು ಕೋಣೆ ಇವೆ, ಹಂಡೆಯಲ್ಲಿ ಸೌದೆ ಹಾಕಿ ಕಾಯಿಸಿದ ನೀರು ಬೆಳಿಗ್ಗೆ ಐದಕ್ಕೆ ಸಿಗುತ್ತದೆ, ಕೊನೆಯ ಅರ್ಧ ಕಿಲೋಮೀಟರ್ ಮಣ್ಣಿನ ದಾರಿಯಾದರೂ ಕಾರು ಬರುತ್ತದೆ, ಮಗುವಿಗೆ ಅರ್ಧ ದರ ಎಂದು ನಾನು ಕೇಳುವ ಮೊದಲೇ ಒಂದೊಂದಾಗಿ ಹೇಳಿದರು. ಎಲ್ಲಿಂದ ಬರುತ್ತಿದ್ದೀರಿ ಎಂದು ಕೊನೆಯಲ್ಲಿ ವಿಚಾರಿಸಿದರು. ಉಡುಪಿ ಎಂದೆ. ಆ ಕಡೆಯ ದನಿ ಬದಲಾಯಿತು. "ಹೌದಾ ಸಾರ್? ನಾವು ಡಿಸೆಂಬರ್‌ನಲ್ಲಿ ಮನೆಯವರೆಲ್ಲ ಕೊಲ್ಲೂರಿಗೂ ಉಡುಪಿಗೂ ಬರಬೇಕು ಅಂತಿದ್ದೇವೆ. ಅಲ್ಲಿ ಉಳಿಯೋದಕ್ಕೆ ಒಳ್ಳೆ ಜಾಗ ಯಾವುದು?" ನಾನು ಗಂಟಲು ಸರಿಮಾಡಿಕೊಂಡು, ವಯಸ್ಸಾದವರು ಜೊತೆಗಿದ್ದರೆ ಮಠದ ಹತ್ತಿರ ಎಂದು ಶುರುಮಾಡುವಷ್ಟರಲ್ಲಿ, ಅಡುಗೆಮನೆಯಿಂದ ಅಮ್ಮನ ಕೂಗು ಫೋನಿನ ಆ ತುದಿಗೂ ಕೇಳಿಸುವಂತೆ ಬಂದಿತು.

ಆ ರಾತ್ರಿ ಅಮ್ಮ ಕಪಾಟಿನಿಂದ ಕೆಂಪು ರಟ್ಟಿನ ಡೈರಿಯನ್ನು ತೆಗೆದು ನನ್ನ ಮುಂದಿಟ್ಟರು. 'ಮ' ಪುಟದಲ್ಲಿ, ಅಪ್ಪನ ಮಾಸಿದ ಶಾಯಿಯ ಮೈಸೂರಿನ ಕೆಳಗೆ, ಬಾಲ್‌ಪೆನ್ನಿನಲ್ಲಿ ಮಡಿಕೇರಿ ಎಂದು ಬರೆದು ಆ ನಂಬರನ್ನು ಸೇರಿಸಿದೆ. ಟಿಪ್ಪಣಿಯ ಜಾಗದಲ್ಲಿ "ಹಂಡೆಯ ಬಿಸಿನೀರು ಉಂಟಂತೆ" ಎಂದು ಬರೆಯಹೊರಟಾಗ ಅಮ್ಮ ಕೈ ಹಿಡಿದು ತಡೆದರು. "ಹೋಗಿ ಬಂದ ಮೇಲೆ ಬರಿ" ಎಂದರು.