ಎಷ್ಟು ಕಿಲೋಮೀಟರ್ ಅನ್ನೋದಕ್ಕಿಂತ ಮೊದಲು ಯಾವ ನೆಲ ಅಂತ ಕೇಳಿ

ಮೊದಲ ಮ್ಯಾರಥಾನ್ ಮುಗಿಸಿದ ಹುಮ್ಮಸ್ಸಿನಲ್ಲಿ ಎಲ್ಲರೂ ಹಾಕುವ ಲೆಕ್ಕ ಒಂದೇ. 42 ಆಯಿತು, ಇನ್ನು 50. ಪುಣೆಯ ಕೋಥ್ರೂಡಿನಲ್ಲಿ ನಮ್ಮವರ ಮನೆಯೊಂದರ ಪೂಜೆ ಊಟಕ್ಕೆ ಕೂತಾಗ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಕೇಳಿದ: “ಅಕ್ಕಾರ, ಡಿಸೆಂಬರದಾಗ ಎಸ್‌ಆರ್‌ಟಿ 53 ಹಾಕ್ಲೇನ್ರಿ? ಮ್ಯಾರಥಾನ್‌ಗಿಂತ ಬರೇ ಹನ್ನೊಂದ ಕಿಲೋಮೀಟರ್ ಜಾಸ್ತಿ ಅಲ್ರೀ?” ಎಸ್‌ಆರ್‌ಟಿ 53 ಅಂದರೆ ಪುಣೆ ಹತ್ತಿರದ ಬೆಟ್ಟದ ಕೋಟೆಗಳನ್ನು ಹತ್ತಿಳಿಯುವ 53 ಕಿ.ಮೀ. ಓಟ. ಹಾಕಬ್ಯಾಡಪಾ ಅಂದೆ. ಯಾಕೆ ಅನ್ನುವುದನ್ನು ಪಂಕ್ತಿಯಲ್ಲಿ ಪೂರ್ತಿ ಹೇಳಲಾಗಲಿಲ್ಲ. ಇದೇ ಲೆಕ್ಕ ಹಾಕಿ ಮಂಡಿ ಕೆಡಿಸಿಕೊಂಡವರನ್ನು, ಆಮೇಲೆ ಓಟವನ್ನೇ ಬಿಟ್ಟವರನ್ನು ಪುಣೆಯಲ್ಲಿ ಬಹಳ ನೋಡಿದ್ದೇನೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

42.195 ಕಿ.ಮೀ. ದಾಟಿದ ಯಾವ ಓಟವನ್ನಾದರೂ ಅಲ್ಟ್ರಾ ಅನ್ನುತ್ತಾರೆ. ಹೆಸರು ಒಂದೇ ಅಂತ ಆಟವೂ ಒಂದೇ ಅಲ್ಲ. ಫೆಬ್ರುವರಿಯಲ್ಲಿ ಲೋಣಾವಳಾದಲ್ಲಿ ಓಡುವ 50 ಕಿ.ಮೀ. ಏರಿಳಿತದ್ದಾದರೂ ರಸ್ತೆಯ ಓಟ. ಎಸ್‌ಆರ್‌ಟಿ ಅಂದರೆ ಸಿಂಹಗಡ, ರಾಜಗಡ, ತೋರಣಾ. ತೋರಣಾ ಒಂದೇ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರ. ಏರಿನಲ್ಲಿ ಹೆಚ್ಚಿನವರು ನಡೆದೇ ಹತ್ತುತ್ತಾರೆ, ಅದರಲ್ಲಿ ಸಂಕೋಚ ಬೇಕಿಲ್ಲ. ಕಾಲಿನ ಕಥೆ ಮುಗಿಯುವುದು ಇಳಿಜಾರಿನಲ್ಲಿ. ಡಿಸೆಂಬರ್ ಹೊತ್ತಿಗೆ ಹುಲ್ಲು ಒಣಗಿ, ಮಣ್ಣು ಪುಡಿಯಾಗಿ, ಹೆಜ್ಜೆ ಇಟ್ಟಲ್ಲೆಲ್ಲ ಸಣ್ಣ ಕಲ್ಲು ಜಾರುತ್ತವೆ. ಘಸಾರಾ ಅಂತಾರೆ ಇಲ್ಲಿಯ ಟ್ರೆಕ್ಕಿಂಗಿನವರು. ಮೈ ಅಡ್ಡಕ್ಕೆ ತಿರುಗಿಸಿ, ಒಂದು ಕೈಯಲ್ಲಿ ಹುಲ್ಲಿನ ಬುಡ ಹಿಡಿದು ಇಳಿಯಬೇಕು. ಪ್ರತಿ ಹೆಜ್ಜೆಗೂ ಹೆಬ್ಬೆರಳಿನ ಉಗುರು ಶೂ ತುದಿಗೆ ಬಡಿಯುತ್ತದೆ, ಮನೆಗೆ ಬಂದು ಸಾಕ್ಸ್ ತೆಗೆದರೆ ಉಗುರು ಕಪ್ಪಗಾಗಿರುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕಾಗುತ್ತದೆ, ಅದರಲ್ಲಿ ಒಳಗಿನ ಸಣ್ಣ ಎಳೆಗಳು ಹರಿಯುತ್ತವೆ. ನೋವಿನ ಜೋರು ಗೊತ್ತಾಗುವುದು ಮರುದಿನ, ಅದರ ಮರುದಿನ. ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಎಷ್ಟೇ ಓಡಿದರೂ ಆ ಸ್ನಾಯುವಿಗೆ ಈ ತಾಲೀಮು ಸಿಗುವುದಿಲ್ಲ.

ಆ ಹುಡುಗನಿಗೂ ಹೇಳಿದ್ದು ಇಷ್ಟೇ. ಈ ಸಲ ಅಲ್ಲಿಯ 25 ಕಿ.ಮೀ. ಓಟ ಓಡು. ಅಲ್ಲಿಯವರೆಗೆ ರವಿವಾರ ಬುಡದ ಆತಕರವಾಡಿಯಿಂದ ಸಿಂಹಗಡ ಹತ್ತು. ಘಾಟ್ ರಸ್ತೆ ಬೇಡ, ಕಾಲುದಾರಿಯಲ್ಲೇ ಹತ್ತು. ಮೇಲೆ ಜುಣಕಾ ಭಾಕರಿ, ಮಣ್ಣಿನ ಕುಡಿಕೆಯ ಮೊಸರು ಸಿಗುತ್ತದೆ. ತಿಂದು ಸಾವಕಾಶ ಇಳಿ. ತಾಲೀಮು ಇಳಿಯುವುದರಲ್ಲಿದೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಬೆಟ್ಟ ಬೇಡ ಅಂದೆ ಅಂತಲ್ಲ. ಕತ್ತಲಲ್ಲಿ ಹಣೆಗೆ ಟಾರ್ಚ್ ಕಟ್ಟಿಕೊಂಡು ಹತ್ತುತ್ತಾ ಹೊತ್ತು ಮೂಡುವಾಗ ತಲೆ ಎತ್ತಿದರೆ, ರಾಯಗಡಕ್ಕಿಂತ ಮೊದಲು ಶಿವಾಜಿಯ ರಾಜಧಾನಿಯಾಗಿದ್ದ ರಾಜಗಡ ಎದುರಿಗೆ ನಿಂತಿರುತ್ತದೆ. ಆ ಗಳಿಗೆಯಲ್ಲಿ ನನಗೆ ಆಗುವ ಸಂತೋಷ ಬೇರೆಲ್ಲೂ ಆಗಿಲ್ಲ.

ಇನ್ನು ಆಗಸ್ಟಿನಲ್ಲಿ ದಾದರಿನ ಶಿವಾಜಿ ಪಾರ್ಕ್ ಕಡೆ ನಡೆಯುವ 12 ಗಂಟೆಗಳ ಓಟ. ಅಲ್ಲಿ ಬೆಟ್ಟವಿಲ್ಲ, ಸೆಕೆ ಇದೆ. ಮುಂಬೈಯ ಹಸಿ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಸೋರುತ್ತದೆ. ಬೆವರು ಮೈ ತಣಿಸುವುದು ಅದು ಆರಿದಾಗ ಮಾತ್ರ. ಬಾಯಾರಿಕೆ ಅಂತ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಅದನ್ನು ನೋಡಿ ಪಕ್ಕದವರು ಇನ್ನಷ್ಟು ನೀರು ಕುಡಿಸಿದರೆ ಜೀವಕ್ಕೇ ಕುತ್ತು. ನಾನು ಅಲ್ಲಿ ಬೇಯಿಸಿದ ಆಲೂಗಡ್ಡೆಯನ್ನು ಉಪ್ಪಿನಲ್ಲಿ ಅದ್ದಿ ತಿನ್ನುತ್ತೇನೆ. ಓಟಗಾರರು ಶಕ್ತಿಗೆ ಅಂತ ಹೀರುವ ಯಾವ ಜೆಲ್ಲೂ ಅದಕ್ಕೆ ಸಮ ಅಲ್ಲ. ಮತ್ತೆ ದಯವಿಟ್ಟು ಓಡುವಾಗ ನೋವಿನ ಮಾತ್ರೆ ನುಂಗಬೇಡಿ. ನೀರಿಲ್ಲದ ಮೈಯಲ್ಲಿ ಅದು ಕಿಡ್ನಿಗೆ ಹೊಡೆತ.

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಓಟವನ್ನು ನೆರಳಿದೆ ಅಂತ ಹಗುರಾಗಿ ಎಣಿಸುತ್ತಾರೆ. ಮಳೆ ಬಂದರೆ ಶೂಗೆ ಕೆಸರು ಮೆತ್ತಿ ಕಾಲು ಎತ್ತುವುದೇ ಕೆಲಸವಾಗುತ್ತದೆ, ಇಂಬಳ ಬೇರೆ. ಆದರೆ ಸ್ವಯಂಸೇವಕರು ಕನ್ನಡದಲ್ಲಿ “ಇನ್ನೊಂದ್ ಚೂರು, ಬನ್ನಿ ಬನ್ನಿ” ಅನ್ನುವಾಗ, ವರ್ಷವಿಡೀ ಮರಾಠಿ ಹಿಂದಿಯಲ್ಲೇ ಓಡುವ ನನ್ನಂಥವಳಿಗೆ ಎಲ್ಲಿಂದಲೋ ಕಾಲಿಗೆ ಬಲ ಬರುತ್ತದೆ.

ಸಪಾಟು ನೆಲ ಸುಲಭ ಅಂತೀರಾ? 2022ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ-ಓಷಿಯಾನಿಯಾ 24 ಗಂಟೆಗಳ ಚಾಂಪಿಯನ್‌ಶಿಪ್ ನಡೆಯಿತು. ಗೆದ್ದ ನಮ್ಮ ಅಮರ್ ಸಿಂಗ್ ದೇವಂದಾ ಸುಮಾರು 258 ಕಿ.ಮೀ. ಓಡಿದರು. 400 ಮೀಟರ್ ಟ್ರ್ಯಾಕಿನಲ್ಲಿ ಅದು 640ಕ್ಕೂ ಹೆಚ್ಚು ಸುತ್ತು. ಅಲ್ಲಿ ಏರಿಲ್ಲ, ಇಳಿವಿಲ್ಲ, ಅದೇ ಸ್ನಾಯು, ಅದೇ ಹೆಜ್ಜೆ, ರಾತ್ರಿಯಿಡೀ ಅದೇ ದೀಪ. ನನ್ನಿಂದ ಆಗದ ಕೆಲಸ ಅದು, ಮನಸಾರೆ ಕೈ ಮುಗಿಯುತ್ತೇನೆ.

ಲಡಾಖಿನ ಖರ್ದುಂಗ್ ಲಾ ಓಟ 72 ಕಿ.ಮೀ. ದಾರಿ 5,300 ಮೀಟರಿಗಿಂತ ಎತ್ತರದ ಕಣಿವೆಮಾರ್ಗ ಹತ್ತಿ ಲೇಹ್‌ಗೆ ಇಳಿಯುತ್ತದೆ. ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕರಾವಳಿಯಲ್ಲಿ ಸಿಗುವುದರ ಹೆಚ್ಚುಕಡಿಮೆ ಅರ್ಧ. ದಿನಗಟ್ಟಲೆ ಮೊದಲೇ ಹೋಗಿ ಮೈ ಒಗ್ಗಿಸಿಕೊಂಡಿದ್ದೆ, ತಾಲೀಮೂ ಚೆನ್ನಾಗಿತ್ತು. ಆದರೂ ತುದಿ ಕಾಣುವ ಮೊದಲೇ ತಲೆ ಸಿಡಿಯತೊಡಗಿತು, ಕೆಮ್ಮು ನಿಲ್ಲಲಿಲ್ಲ. ವೈದ್ಯರು ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ, ಇನ್ನು ಸಾಕು ಅಂದರು. ಗಾಡಿಯಲ್ಲಿ ಕೂತು ಅತ್ತೆ. ಆ ವೈದ್ಯರ ಮೇಲೆ ಅಂದೂ ಸಿಟ್ಟಿರಲಿಲ್ಲ, ಇಂದೂ ಕೃತಜ್ಞತೆಯೇ ಇದೆ. ಕೆಲವರ ಮೈ ಎತ್ತರಕ್ಕೆ ಬೇಗ ಒಗ್ಗುತ್ತದೆ, ಕೆಲವರದು ಒಗ್ಗುವುದಿಲ್ಲ. ಅದಕ್ಕೂ ಸಾಮರ್ಥ್ಯಕ್ಕೂ ಸಂಬಂಧವಿಲ್ಲ.

ನಿಲ್ಲಿಸುವವರು ಇಲ್ಲದಿದ್ದರೆ ಏನಾಗುತ್ತದೆ ಅಂತ 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸುವಿನಲ್ಲಿ ಕಂಡೆವು. 100 ಕಿ.ಮೀ. ಬೆಟ್ಟದ ಓಟ. ನಡುವೆ ಆಲಿಕಲ್ಲು, ಕೊರೆಯುವ ಗಾಳಿ. ತೆಳು ಬಟ್ಟೆಯಲ್ಲಿದ್ದ 21 ಮಂದಿ ಚಳಿಗೆ ಸತ್ತರು. ಚೀನಾದ ಅಗ್ರ ಅಲ್ಟ್ರಾ ಓಟಗಾರ ಲಿಯಾಂಗ್ ಜಿಂಗ್ ಕೂಡ ಅವರಲ್ಲೊಬ್ಬರು. ಝು ಕೆಮಿಂಗ್ ಎಂಬ ಕುರಿಗಾಹಿ ಆರು ಜನರನ್ನು ಗುಹೆಯೊಳಗೆ ಕರೆದೊಯ್ದು ಬೆಂಕಿ ಹಾಕಿ ಉಳಿಸಿದ.

ಹಾಗಾಗಿ ಆಯೋಜಕರಲ್ಲಿ ನನ್ನ ಬೇಡಿಕೆ. ನೋಂದಣಿ ಪುಟದಲ್ಲಿ ಕಿಲೋಮೀಟರ್ ಬರೆದ ಅದೇ ಅಕ್ಷರದಲ್ಲಿ ಒಟ್ಟು ಏರು ಎಷ್ಟು ಮೀಟರ್ ಅಂತಲೂ ಬರೆಯಿರಿ. ಎಷ್ಟು ಡಾಂಬರು, ಎಷ್ಟು ಕಾಲುದಾರಿ, ಹೋದ ವರ್ಷ ಎಷ್ಟು ಜನ ಹೊರಟು ಎಷ್ಟು ಜನ ಮುಗಿಸಿದರು, ವೈದ್ಯರು ಎಲ್ಲೆಲ್ಲಿ ಇರುತ್ತಾರೆ, ಹವೆ ಕೆಟ್ಟರೆ ಯಾರು ಯಾವಾಗ ಓಟ ನಿಲ್ಲಿಸುತ್ತಾರೆ, ಇದೆಲ್ಲ ದುಡ್ಡು ಕಟ್ಟುವ ಮೊದಲೇ ಗೊತ್ತಾಗಬೇಕು. ರಾತ್ರಿ ಓಟವಾದರೆ ಹೆಂಗಸರ ಶೌಚಾಲಯ ಯಾವ ಯಾವ ಕಿಲೋಮೀಟರಿನಲ್ಲಿ ಅನ್ನುವುದೂ. ಇದನ್ನು ಫೋನ್ ಮಾಡಿ ಕೇಳಿದಾಗಲೂ ಸರಿಯಾಗಿ ಹೇಳದ ಓಟಗಳಿಗೆ ಹೆಸರು ಕೊಡುವುದನ್ನು ನಾನಂತೂ ಬಿಟ್ಟಿದ್ದೇನೆ. ನೀವೂ ಕೇಳಿ, ಕೇಳುವವರು ಹೆಚ್ಚಿದರೆ ಅವರು ಬರೆಯಲೇಬೇಕಾಗುತ್ತದೆ.