ಹೋಗುವಾಗ ಅರ್ಧ ಚೀಲ

ಮೊನ್ನೆ ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಂಸಾರ ನೋಡಿದೆ. ಗಂಡ, ಹೆಂಡತಿ, ಎರಡು ಮಕ್ಕಳು. ಎರಡು ದಿನಕ್ಕೆ ಚಿಕ್ಕಮಗಳೂರು ನೋಡಲು ಹೊರಟವರು. ನಾಲ್ಕು ಟ್ರಾಲಿ ಬ್ಯಾಗು, ಒಂದು ತಿಂಡಿ ಚೀಲ, ಅದರ ಮೇಲೊಂದು ದಿಂಬು. ದಿಂಬು ಕಣ್ರೀ! ಹೋಂಸ್ಟೇನಲ್ಲಿ ದಿಂಬು ಕೊಡಲ್ವಾ? ನಗು ಬಂತು. ಆಮೇಲೆ ಸುಮ್ಮನಾದೆ. ಹತ್ತು ವರ್ಷದ ಹಿಂದೆ ನಾನೂ ಹೀಗೇ ಹೊರಡುತ್ತಿದ್ದೆ, ದಿಂಬೊಂದು ಬಿಟ್ಟು.

ನಾನಿರುವುದು ಹಾಸನದಲ್ಲಿ, ತವರು ಮೂಡಿಗೆರೆ ಕಡೆ ತೋಟದ ಮನೆ. ವರ್ಷಕ್ಕೆ ಏಳೆಂಟು ಸಲ ಓಡಾಟ ಇದ್ದೇ ಇದೆ. ಅದರ ಮೇಲೆ ಒಂದು ಮದುವೆ, ಒಂದು ತೀರ್ಥಯಾತ್ರೆ. ಹೀಗೆ ಬ್ಯಾಗ್ ಕಟ್ಟಿ ಬಿಚ್ಚಿ ನನಗೆ ಹೊಳೆದದ್ದು ಇಷ್ಟೇ. ನಮ್ಮ ಕಡೆಯವರು ಬ್ಯಾಗ್ ಕಟ್ಟುವಾಗ ಹೋಗುವ ಲೆಕ್ಕ ಮಾತ್ರ ಹಾಕ್ತೀವಿ, ಬರುವ ಲೆಕ್ಕ ಹಾಕಲ್ಲ. ಇಂಟರ್ನೆಟ್ಟಲ್ಲಿ ಹೇಳುವವರೂ ಬಟ್ಟೆ ಹೇಗೆ ಸುತ್ತಬೇಕು ಅಂತಲೇ ಹೇಳೋದು. ಸರಿ, ಸುತ್ತಿ. ವಾಪಸ್ ಬರುವಾಗ ಅಮ್ಮ ಕೊಟ್ಟ ನಾಲ್ಕು ಕೆಜಿ ಕಾಫಿ ಪುಡಿ ಎಲ್ಲಿ ಸುತ್ತುತ್ತೀರಿ?

ಬುದ್ಧಿ ಬಂದದ್ದು ಕಾಶಿಗೆ ಹೋದಾಗ. ಬೆಂಗಳೂರಿನಿಂದ ವಿಮಾನ, ಚೆಕ್-ಇನ್ ಲಗೇಜ್ ಇಲ್ಲದ ಅಗ್ಗದ ಟಿಕೆಟ್. ಕೈಯಲ್ಲಿ ಒಯ್ಯುವ ಬ್ಯಾಗು 7 ಕೆಜಿ ದಾಟಬಾರದು. ನನ್ನದು ತೂಕಕ್ಕಿಟ್ಟರೆ 9 ಕೆಜಿ 400 ಗ್ರಾಂ! ಹಿಂದೆ ಉದ್ದ ಸಾಲು. ಅಲ್ಲೇ ನೆಲದ ಮೇಲೆ ಕೂತು ಬ್ಯಾಗ್ ಬಿಚ್ಚಿದೆ. ಏನೇನಿತ್ತು ಅಂದರೆ, ಯಾರಾದರೂ ಕರೆದರೆ ಬೇಕಾಗುತ್ತೆ ಅಂತ ಎರಡು ರೇಷ್ಮೆ ಸೀರೆ. ಕಾಶಿಯಲ್ಲಿ ನಮ್ಮನ್ನು ಕರೆಯೋರು ಯಾರಿದ್ದಾರೆ! ಎರಡು ಕೊಡೆ, ಒಂದು ಟಾರ್ಚು, ಅರ್ಧ ಕೆಜಿ ಚಟ್ನಿಪುಡಿ, ದಪ್ಪ ಟರ್ಕಿ ಟವೆಲ್ ಎರಡು. ಕೊನೆಗೆ ನಮ್ಮ ಯಜಮಾನರು ಮೇ ತಿಂಗಳ ಸೆಕೆಯಲ್ಲಿ ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿಕೊಂಡು, ಜೇಬಿಗೆ ಚಾರ್ಜರ್ ತುಂಬಿಕೊಂಡು ನಿಂತರು. ವಿಮಾನ ಏರುವ ತನಕ ನನ್ನ ಜೊತೆ ಒಂದು ಮಾತಿಲ್ಲ. ತಪ್ಪು ನನ್ನದೇ ಬಿಡಿ, ಟಿಕೆಟ್ಟಿನಲ್ಲಿ ಎಲ್ಲ ಬರೆದಿತ್ತು.

ವಾಪಸ್ ಬಂದಮೇಲೆ ತವರಿಗೆ ಹೋದಾಗ ಒಂದು ಕೆಲಸ ಮಾಡಿದೆ. ಕಾಫಿ ಹಣ್ಣು ತೂಗುವ ತಕ್ಕಡಿ ಇರುತ್ತಲ್ಲ, ಅದರ ಕೊಕ್ಕೆಗೆ ಅದೇ ಟ್ರಾಲಿಯನ್ನು ಖಾಲಿ ಮಾಡಿ ನೇತುಹಾಕಿದೆ. 3 ಕೆಜಿ 200! ಅಂದರೆ 7 ಕೆಜಿಯಲ್ಲಿ ಅರ್ಧದ ಹತ್ತಿರ ಬರೀ ಬ್ಯಾಗಿನದೇ ತೂಕ. ಚಕ್ರ, ಹಿಡಿ, ಗಟ್ಟಿ ಚಿಪ್ಪು ಎಲ್ಲ ಸೇರಿ. ಆ ಚಕ್ರ ನಮ್ಮ ತೋಟದ ರಸ್ತೆಯಲ್ಲಿ ಹತ್ತು ಹೆಜ್ಜೆ ಉರುಳಲ್ಲ. ಕೆಸರು ಮೆತ್ತಿಕೊಂಡರೆ ಹೊತ್ತುಕೊಂಡೇ ಹೋಗಬೇಕು. ಅವತ್ತಿನಿಂದ ಬೆನ್ನಿಗೆ ಹಾಕುವ ಬಟ್ಟೆ ಬ್ಯಾಗು ನನ್ನದು, ಮುಕ್ಕಾಲು ಕೆಜಿ ಇದೆ ಅಷ್ಟೇ. ಟ್ರಾಲಿಯಲ್ಲಿ ಈಗ ಹಳೇ ಕಂಬಳಿ ಇಟ್ಟಿದ್ದೇನೆ.

ಬಸ್ಸಿನಲ್ಲಿ ತೂಕ ಯಾರು ನೋಡ್ತಾರೆ ಅನ್ನಬಹುದು. ಸರ್ಕಾರಿ ಬಸ್ಸಿನಲ್ಲಿ ಒಬ್ಬರಿಗೆ 30 ಕೆಜಿ ತನಕ ಲಗೇಜಿಗೆ ದುಡ್ಡಿಲ್ಲ, ರೈಲಿನ ಸ್ಲೀಪರ್‌ನಲ್ಲಿ 40 ಕೆಜಿ. ಆದರೆ ಅಲ್ಲಿನ ಕಷ್ಟ ತೂಕದ್ದಲ್ಲ, ಜಾಗದ್ದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಾನು ಹತ್ತುವ ಬಸ್ಸು ಯಾವಾಗಲೂ ತುಂಬಿಯೇ ಇರುತ್ತೆ. ನನಗಂತೂ ಖುಷಿಯೇ, ನಾನೂ ಆಧಾರ್ ತೋರಿಸಿ ಓಡಾಡುವವಳೇ. ಆದರೆ ಮಡಿಲಲ್ಲಿ ಕೂರದ ಬ್ಯಾಗು ತಂದರೆ ಎಲ್ಲರ ಬೈಗುಳ ನಿಮಗೇ.

ಇನ್ನು ಬಟ್ಟೆ. ಮಲೆನಾಡಿನ ಮಳೆಗಾಲಕ್ಕೆ ಜೀನ್ಸ್ ತರುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತೆ. ಒಣಗಿದ್ದಾಗಲೇ ಭಾರ, ನೆಂದರೆ ಕೇಳಲೇಬೇಡಿ. ಆಷಾಢದಲ್ಲಿ ಸೋಮವಾರ ಒಗೆದ ಜೀನ್ಸ್ ಗುರುವಾರಕ್ಕೂ ಒಣಗಲ್ಲ. ನಮ್ಮ ಮನೆಯಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸ್ತಾರೆ. ಬಟ್ಟೆ ಒಣಗುತ್ತೆ, ಜೊತೆಗೆ ಹೊಗೆ ವಾಸನೆಯೂ ಬರುತ್ತೆ. ಅದಕ್ಕೇ ತೆಳು ಪಾಲಿಯೆಸ್ಟರ್ ಕುರ್ತಾ ಎರಡು, ಮೈಮೇಲೊಂದು, ಸಾಕು. ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆಗೆ ಆಯಿತು.

ಟರ್ಕಿ ಟವೆಲ್ ಬಿಟ್ಟು ವಲ್ಲಿ ಹಿಡಿದದ್ದು ಮಾತ್ರ ನಾನು ಮಾಡಿದ ದೊಡ್ಡ ಕೆಲಸ. ನಮ್ಮಪ್ಪ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ತೆಳ್ಳನೆ ಹತ್ತಿ ವಲ್ಲಿ. ಮಡಿಸಿದರೆ ಅಂಗೈಯಷ್ಟು. ಮೈ ಒರೆಸಬಹುದು, ಬಸ್ಸಿನಲ್ಲಿ ಬಿಸಿಲಿಗೆ ಕಿಟಕಿಗೆ ಕಟ್ಟಬಹುದು, ತಲೆಗೆ ಸುತ್ತಬಹುದು, ಮಗು ಮಲಗಿದರೆ ಹೊದಿಸಬಹುದು. ಕೊನೆಗೆ ಏನೂ ಇಲ್ಲದಿದ್ದರೆ ಅದರಲ್ಲೇ ಗಂಟು ಕಟ್ಟಿ ಸಾಮಾನು ತರಬಹುದು. ಅಪ್ಪ ಸಂತೆಯಿಂದ ತರಕಾರಿ ತರುತ್ತಿದ್ದದ್ದೂ ಹಾಗೇ. ಅವರಿಗೆ ಅದು ಪ್ಯಾಕಿಂಗ್ ಅಂತ ಗೊತ್ತೇ ಇರಲಿಲ್ಲ.

ಸಣ್ಣ ಸಾಮಾನುಗಳ ವಿಷಯಕ್ಕೆ ಬಂದರೆ, ಬೇಕಾದರೆ ಇರಲಿ ಅಂತ ಹಾಕುವುದನ್ನೆಲ್ಲ ತೆಗೆದುಬಿಡಿ. ಬ್ರಶ್, ಪೇಸ್ಟ್, ಬಾಚಣಿಗೆ, ಶಾಂಪೂ ಪ್ಯಾಕೆಟ್ ಸಿಗದ ಊರು ಯಾವುದಿದೆ? ಕೊಟ್ಟಿಗೆಹಾರದಂಥ ಪುಟ್ಟ ಊರಲ್ಲೂ ಸಿಗುತ್ತೆ. ದಿನದ ಮಾತ್ರೆ ಮಾತ್ರ ಮರೆಯಬಾರದು, ಎರಡು ದಿನದ್ದು ಹೆಚ್ಚೇ ಇರಲಿ. ವಿಮಾನವಾದರೆ ಪವರ್‌ಬ್ಯಾಂಕನ್ನು ಕೈಬ್ಯಾಗಿನಲ್ಲೇ ಇಡಬೇಕು, ಕೆಳಗೆ ಲಗೇಜಿಗೆ ಹಾಕಲು ಬಿಡಲ್ಲ. ಅದರ ಬ್ಯಾಟರಿ ಹೊತ್ತಿಕೊಂಡರೆ ಅಲ್ಲಿ ಆರಿಸಲು ಯಾರಿರುತ್ತಾರೆ?

ಮಳೆಗಾಲದಲ್ಲಿ ಚಾರಣಕ್ಕೆ ಬರುವವರು ಪುಟ್ಟ ಪೊಟ್ಟಣದಲ್ಲಿ ಉಪ್ಪು ತನ್ನಿ, ಉದ್ದ ಸಾಕ್ಸ್ ತನ್ನಿ. ಇಂಬಳ, ಅಂದರೆ ಜಿಗಣೆ, ಕಾಲಿಗೆ ಹತ್ತಿದಾಗ ಗೊತ್ತಾಗುತ್ತೆ. ಸಾಕ್ಸ್ ಶ್ರವಣಬೆಳಗೊಳಕ್ಕೂ ಬೇಕು. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲನ್ನು ಚಪ್ಪಲಿ ಬಿಟ್ಟೇ ಹತ್ತಬೇಕು. ಮಧ್ಯಾಹ್ನದ ಹೊತ್ತು ಆ ಕಲ್ಲು ಕಾದ ಕಾವಲಿ. ಮೈಮೇಲೆ ಒಂದು ಎಳೆ ಬಟ್ಟೆ ಇಲ್ಲದೆ ನಿಂತಿರುವ ಬಾಹುಬಲಿಯನ್ನು ನೋಡಲು ನಾವು ಇಷ್ಟೆಲ್ಲ ಹೊತ್ತುಕೊಂಡು ಹತ್ತುತ್ತೇವಲ್ಲ, ಅದು ನೆನಪಾದಾಗೆಲ್ಲ ನಗು ಬರುತ್ತೆ.

ಈಗ ಬರುವ ಲೆಕ್ಕ. ತವರಿಂದ ಹೆಣ್ಣುಮಗಳನ್ನು ಖಾಲಿ ಕೈಯಲ್ಲಿ ಕಳಿಸಿದ್ದು ಎಲ್ಲಾದರೂ ಉಂಟಾ? ಕಾಫಿ ಪುಡಿ, ಕಾಳುಮೆಣಸು, ಹಲಸಿನ ಹಪ್ಪಳ, ನಿಂಬೆ ಉಪ್ಪಿನಕಾಯಿ. ಮಳೆಗಾಲವಾದರೆ ಕಳಲೆ, ಮರಕೆಸುವಿನ ಎಲೆ. ಬೇಡ ಅಂದರೆ ಅಮ್ಮನ ಮುಖ ಚಿಕ್ಕದಾಗುತ್ತೆ. ಮೊದಲೆಲ್ಲ ತುಂಬಿದ ಬ್ಯಾಗಿನ ಜೊತೆ ಒಂದು ಕೈಗೆ ಪ್ಲಾಸ್ಟಿಕ್ ಕವರ್, ಇನ್ನೊಂದು ಕೈಗೆ ರಟ್ಟಿನ ಡಬ್ಬಿ. ಒಂದು ಸಲ ಬೇಲೂರಿನಲ್ಲಿ ಬಸ್ ಬದಲಿಸುವಾಗ ಕವರ್ ಹರಿದು ಉಪ್ಪಿನಕಾಯಿ ಬಾಟಲಿ ಒಡೆಯಿತು. ಎಣ್ಣೆ ನನ್ನ ಸೀರೆಗಷ್ಟೇ ಅಲ್ಲ, ಪಕ್ಕದಲ್ಲಿದ್ದ ಅಜ್ಜಿಯ ಸೀರೆಗೂ ಹಾರಿತು. ಅಜ್ಜಿ ಬೈಯಲಿಲ್ಲ. "ನಿಂಬೆಕಾಯಿದಾ ಮಗಾ? ಚೆನ್ನಾಗಿ ಹಾಕವ್ರೆ, ವಾಸ್ನೆ ಬತ್ತೈತೆ" ಅಂದರು!

ಈಗ ನಾನು ಬ್ಯಾಗನ್ನು ಮಂಚದ ಮೇಲಿಟ್ಟು ಅರ್ಧಕ್ಕೆ ನಿಲ್ಲಿಸುತ್ತೇನೆ. ಅರ್ಧಕ್ಕಿಂತ ಮೇಲೆ ಬಂದರೆ ಏನಾದರೊಂದು ಹೊರಗೆ. ಮೇಲೆ ಒಂದು ಖಾಲಿ ಬಟ್ಟೆ ಚೀಲ ಮಡಿಸಿ ಇಡುತ್ತೇನೆ. ನಮ್ಮ ಯಜಮಾನರು ನೋಡಿ, "ಇದೇನು, ಅರ್ಧ ಪ್ಯಾಕ್ ಮಾಡಿ ಬಿಟ್ಟಿದ್ದೀಯಾ?" ಅನ್ನುತ್ತಾರೆ. ಇನ್ನರ್ಧ ನಮ್ಮಮ್ಮ ಮಾಡ್ತಾರೆ ಅನ್ನುತ್ತೇನೆ.

ಈ ಶನಿವಾರ ಮತ್ತೆ ಹೊರಟಿದ್ದೇನೆ. ಬೆಳಿಗ್ಗೆ ಅಮ್ಮನ ಫೋನ್ ಬಂದಿತ್ತು. "ಪುಟ್ಟಿ, ಬಾಳೆಗೊನೆ ಒಂದು ಹಣ್ಣಾಗ್ತಾ ಇದೆ. ಆ ಸಣ್ಣ ಬ್ಯಾಗ್ ತರಬೇಡ, ಚಕ್ರದ್ದು ಇತ್ತಲ್ಲ, ಅದು ತಗೊಂಡು ಬಾ."

ಕಂಬಳಿ ತೆಗೆದು ಬಿಸಿಲಿಗೆ ಹಾಕಿದ್ದೇನೆ.